ಎರೆದುಕೊಳ್ಳುವುದು

2024ರಲ್ಲಿ ನರಕ ಚತುರ್ದಶಿ ಬಿದ್ದದ್ದು ಅಕ್ಟೋಬರ್ 31ಕ್ಕೆ. ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳಿಗೆ ಅದೇ ತಾರೀಖು ಹ್ಯಾಲೋವೀನ್. ಮಾರನೆಯ ದಿನ ಫೋನ್ ಮಾಡಿದವಳು ಮೊದಲು ಹೇಳಿದ್ದೇ ಇದು: "ಚಿಕ್ಕಮ್ಮಾ, ನಿನ್ನೆ ರಾತ್ರಿ ತಲೆಗೆ ಎರಕೊಂಡೆ. ಮೈಯೆಲ್ಲ ಹಗುರ ಆಯ್ತು ನೋಡು."

ಅವಳು ಆಸ್ಪತ್ರೆಯಲ್ಲಿ ನರ್ಸ್. ಹಗಲು ಪಾಳಿ ಮುಗಿಸಿ ಬಂದು, ದೆವ್ವ, ಮಾಟಗಾತಿ ವೇಷ ಹಾಕಿಕೊಂಡು ಬಾಗಿಲಿಗೆ ಬಂದ ಮಕ್ಕಳಿಗೆಲ್ಲ ಮಿಠಾಯಿ ಹಂಚಿ, ಇನ್ನು ಮುಗಿಯಿತು ಎಂಬ ಗುರುತಿಗೆ ಹೊರಗಿನ ದೀಪ ಆರಿಸಿ, ಎಣ್ಣೆ ಬಿಸಿಗಿಟ್ಟಿದ್ದಾಳೆ. ಅವಳ ಜೊತೆಯ ನರ್ಸುಗಳು ಇದಕ್ಕೆ ಸೆಲ್ಫ್‌ಕೇರ್ ಅನ್ನುತ್ತಾರಂತೆ. ಆ ದಿನಗಳಲ್ಲಿ ಅಲ್ಲಿನ ಅಂಗಡಿಗಳ ತುಂಬ ಕುಂಬಳಕಾಯಿ ಬಣ್ಣದ ಮೇಣದಬತ್ತಿ, ದಾಲ್ಚಿನ್ನಿ ಪರಿಮಳದ ಸಾಬೂನು. ಮನೆಯಲ್ಲೇ ಬೆಚ್ಚಗೆ ಕೂತು ಹಾಯಾಗಿರಿ ಎಂಬ ಉಪಚಾರದ ಮಾತು. ನನ್ನ ಕಿವಿಯಲ್ಲಿ ಉಳಿದದ್ದು ಮಾತ್ರ ಅವಳ 'ಎರಕೊಂಡೆ'.

ಕನ್ನಡದಲ್ಲಿ ನೀರನ್ನು ಸುರಿಯಬಹುದು, ಹೊಯ್ಯಬಹುದು, ಚೆಲ್ಲಬಹುದು, ಎರಚಬಹುದು. ಎರೆಯುವುದರ ರೀತಿಯೇ ಬೇರೆ. ಮಳೆ ಸುರಿಯುತ್ತದೆ, ಮಳೆ ಎರೆಯಿತು ಎಂದು ಯಾರೂ ಅನ್ನುವುದಿಲ್ಲ. ಎರೆಯಲು ಕೈ ಬೇಕು, ಕೈಗೆ ಹದ ಗೊತ್ತಿರಬೇಕು. ನಮ್ಮ ಮಲೆನಾಡಿನಲ್ಲಿ ಕಾವಲಿಗೆ ದೋಸೆ ಎರೆಯುತ್ತೇವೆ, ಸಸಿಗೆ ನೀರೆರೆಯುತ್ತೇವೆ, ನಾಗರಕಲ್ಲಿಗೆ ತನಿ ಎರೆಯುತ್ತೇವೆ. ಮಗಳನ್ನು ಧಾರೆ ಎರೆದು ಕೊಡುತ್ತೇವೆ. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದದ್ದು ಎರಕ. ಅದೂ ಈ ಕ್ರಿಯಾಪದದ ಮನೆಯ ಕೂಸೇ.

ಕೂಸು ಎಂದಾಗ ನೆನಪಾಗುತ್ತದೆ. ಇದೇ ಅಕ್ಕನ ಮಗಳು ಹುಟ್ಟಿದಾಗ ಎರೆಯಲು ಬರುತ್ತಿದ್ದ ಅಜ್ಜಿ ಬಚ್ಚಲಲ್ಲಿ ಕಾಲು ನೀಡಿ ಕೂತು, ಮೊಣಕಾಲ ಕೆಳಗಿನ ಇಳಿಜಾರಿನಲ್ಲಿ ಮಗುವನ್ನು ಬೋರಲು ಮಲಗಿಸಿಕೊಳ್ಳುತ್ತಿದ್ದಳು. ಮೊದಲ ತಂಬಿಗೆ ತನ್ನ ಪಾದಕ್ಕೆ. ಬಿಸಿ ಸರಿಯಿದೆ ಎಂದಾದ ಮೇಲೆ ಮಗುವಿನ ಬೆನ್ನಿಗೆ. ಅಳುತ್ತಿದ್ದ ಕೂಸು ಎರಡನೇ ತಂಬಿಗೆಗೆ ಬಿಕ್ಕುವುದು, ನಾಲ್ಕನೆಯದಕ್ಕೆ ಕಣ್ಣು ಮುಚ್ಚುವುದು. ನಾವೆಲ್ಲ ಎರೆದುಕೊಳ್ಳುವುದನ್ನು ಕಲಿಯುವ ಮೊದಲು ಎರೆಸಿಕೊಂಡವರು. ಉತ್ತರ ಕರ್ನಾಟಕದ ಗೆಳತಿ "ಎರಕೊಂಡ್ಯಾ?" ಎಂದು ಕೇಳಿದಾಗಲೂ ಆ ಮಾತಿನೊಳಗೆ ಯಾರದೋ ಇನ್ನೊಂದು ಕೈ ಇದ್ದೇ ಇದೆ ಅನ್ನಿಸುತ್ತದೆ.

ಚತುರ್ದಶಿಯ ಹಿಂದಿನ ಸಂಜೆಗೆ ನೀರು ತುಂಬುವ ಹಬ್ಬ ಎಂಬ ಹೆಸರೇ ಇದೆ. ಹುಣಸೆಹಣ್ಣು ಹಾಕಿ ಹಂಡೆ ತಿಕ್ಕಿ, ಅದರ ಕೊರಳಿಗೆ ಹಿಂಡಲೆಬಳ್ಳಿ ಕಟ್ಟಿ, ಬಾವಿ ನೀರು ಸೇದಿ ತುಂಬುತ್ತಿದ್ದೆವು. ಹೆಂಗಸರಿಗೆ ಮಂಗಳವಾರ, ಶುಕ್ರವಾರ ಎಂಬ ಲೆಕ್ಕ ಆ ದಿನಕ್ಕಿಲ್ಲ. ಅಂದು ಎಣ್ಣೆಯಲ್ಲಿ ಲಕ್ಷ್ಮಿ, ನೀರಿನಲ್ಲಿ ಗಂಗೆ ಇರುತ್ತಾರೆಂಬ ನಂಬಿಕೆ. ನಸುಕಿನಲ್ಲಿ ಅಮ್ಮ ಒಬ್ಬೊಬ್ಬರನ್ನೇ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ಅಮ್ಮನಿಗೆ ತಟ್ಟುವವರು ಯಾರು ಎಂದು ಆಗ ನಾನು ಒಮ್ಮೆಯೂ ಕೇಳಲಿಲ್ಲ. ಆ ನೋವು ಈಗಲೂ ನನ್ನಲ್ಲಿದೆ.

ಸೆಲ್ಫ್‌ಕೇರ್ ಎಂಬ ಮಾತಿನ ಹಿಂದೆ ಕೂಡ ನೀರಿನ ಕಥೆಯೇ ಇದೆ. ಅಮೆರಿಕದ ಡೊರೊಥಿಯಾ ಓರೆಮ್ 1971ರಲ್ಲಿ ಬರೆದ ಶುಶ್ರೂಷೆಯ ಪುಸ್ತಕ ಆ ಮಾತನ್ನು ನರ್ಸುಗಳ ಪಾಠಕ್ಕೆ ತಂದಿತು. ರೋಗಿ ತನ್ನ ಆರೈಕೆಯನ್ನು ತಾನೇ ಎಷ್ಟು ಮಾಡಿಕೊಳ್ಳಬಲ್ಲ, ಎಲ್ಲಿ ಇನ್ನೊಬ್ಬರ ಕೈ ಬೇಕು ಎಂಬುದು ಅಲ್ಲಿನ ಪ್ರಶ್ನೆ. ಅದಕ್ಕೂ ಮುಂಚೆ, ದಿನನಿತ್ಯದ ಕೆಲಸಗಳನ್ನು ರೋಗಿ ತಾನೇ ಎಷ್ಟು ಮಾಡಿಕೊಳ್ಳಬಲ್ಲ ಎಂದು ನೋಡಲು 1963ರಲ್ಲಿ ಬಂದ ಕಾಟ್ಜ್ ಅಳತೆಪಟ್ಟಿಯ ಆರು ಬಾಬತ್ತುಗಳಲ್ಲಿ ಮೊದಲನೆಯದು ಸ್ನಾನ. ಕ್ಯಾನ್ಸರ್‌ನೊಡನೆ ಬದುಕುತ್ತಿದ್ದ ಕವಯಿತ್ರಿ ಆಡ್ರಿ ಲಾರ್ಡ್ 1988ರಲ್ಲಿ ತನ್ನನ್ನು ತಾನು ನೋಡಿಕೊಳ್ಳುವುದಕ್ಕೆ ಹೋರಾಟದ ತೂಕ ಕೊಟ್ಟರು. ಮೇಣದಬತ್ತಿಯ ಅಂಗಡಿಗೆ ಈ ಮಾತು ಬಂದದ್ದು ಆಮೇಲೆ. ಬಂದದ್ದರಲ್ಲಿ ತಪ್ಪಿಲ್ಲ, ದಣಿದವರಿಗೆ ದಾಲ್ಚಿನ್ನಿ ಪರಿಮಳವೂ ಬೇಕು. ಆದರೆ ಓರೆಮ್ ಕೇಳಿದ ಇನ್ನೊಬ್ಬರ ಕೈ ಅಂಗಡಿಯಲ್ಲಿ ಸಿಗುವುದಿಲ್ಲ.

"ಷವರ್ ಇದೆಯಲ್ಲೇ, ಎರಕೊಂಡದ್ದು ಹೇಗೆ?" ಎಂದು ಕೇಳಿದೆ. ಬಕೆಟ್ಟು, ಮಗ್ಗು ಇಟ್ಟುಕೊಂಡಿದ್ದಾಳಂತೆ. ಅಂದು ಏಳು ವರ್ಷದ ಮಗಳು ಕಪ್ಪು ಬೆಕ್ಕಿನ ವೇಷ ಹಾಕಿದ್ದಳು. ಸಾಬೂನು ಎಷ್ಟು ತಿಕ್ಕಿದರೂ ಕೆನ್ನೆಯ ಮೀಸೆ ಹೋಗಲಿಲ್ಲ. ಆಗ ಇವಳಿಗೆ ಊರಿನ ಯಕ್ಷಗಾನದ ಚೌಕಿ ನೆನಪಾಯಿತು: ಆಟ ಮುಗಿದ ಮೇಲೆ ವೇಷಧಾರಿಗಳು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರಲ್ಲ. ತನ್ನ ತಲೆಗೆಂದು ಕಾಯಿಸಿದ ಎಣ್ಣೆಯನ್ನೇ ಹತ್ತಿಯಲ್ಲಿ ಅದ್ದಿ ಮಗಳ ಕೆನ್ನೆಗೆ ಒತ್ತಿದಳು. ಒಂದೊಂದೇ ಮೀಸೆ ಕರಗಿ ಹತ್ತಿಗೆ ಬಂತು. ಹಾಗೇ ನೆತ್ತಿಗೂ ತಟ್ಟಿ, ಎರೆದು, ಟವೆಲ್ ಸುತ್ತಿ ಕೂರಿಸಿದಳು.

ಆಮೇಲೆ ತಾನು ಟಬ್ಬಿನಲ್ಲಿ ತಲೆ ಬಗ್ಗಿಸಿ ಕೂತಾಗ ಬಾಗಿಲು ಸರಿಯಿತು. ಆ ಮಗುವಿಗೆ ಬರುವ ಕನ್ನಡ ತೀರ ಕಡಿಮೆ. ಎರಡೂ ಕೈಯಲ್ಲಿ ಮಗ್ಗು ಹಿಡಿದು ನಿಂತು ಕೇಳಿತಂತೆ:

"ಅಮ್ಮಾ, ನಾ ಎರೀಲಾ?"