ಬಸ್ತಿಹಳ್ಳಿಯ ಕಲ್ಲು, ಕೈರೋದ ಕಾಗದ: ಹನ್ನೆರಡನೆಯ ಶತಮಾನದ ಎರಡು ದಾನಪರಂಪರೆಗಳು

ಹಳೇಬೀಡಿಗೆ ಬಂದವರಲ್ಲಿ ಹೆಚ್ಚಿನವರು ಹೊಯ್ಸಳೇಶ್ವರ ದೇವಾಲಯವನ್ನು ನೋಡಿ ಹಿಂದಿರುಗುತ್ತಾರೆ. ಅಲ್ಲಿಂದ ಅನತಿ ದೂರದ ಬಸ್ತಿಹಳ್ಳಿಗೆ ನಡೆದುಹೋಗುವವರು ಕಡಿಮೆ. ಹೋದವರು ಕೂಡ ವಿಜಯಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳಲ್ಲಿ ತಮ್ಮ ಬಿಂಬವನ್ನು ನೋಡಿಕೊಂಡು ಸಂತೋಷಪಟ್ಟು ಹೊರಬರುತ್ತಾರೆ. ಅದೇ ಬಸದಿಯ ಶಾಸನವನ್ನು ನಿಧಾನವಾಗಿ ಓದಿದರೆ ಬೇರೊಂದು ಬಗೆಯ ಕನ್ನಡಿ ದೊರೆಯುತ್ತದೆ. ದಾನವೆಂಬುದನ್ನು ಆ ಕಾಲ ಹೇಗೆ ಕಂಡಿತು, ಯಾರ ಹೆಸರನ್ನು ಉಳಿಸಿತು, ಯಾರ ಹೆಸರನ್ನು ಬಿಟ್ಟಿತು ಎಂಬುದು ಅದರಲ್ಲಿ ಕಾಣುತ್ತದೆ.

ಶಾಸನದ ಸಂಗತಿ ವಿದ್ಯಾರ್ಥಿಗಳಿಗೆ ತಿಳಿಯದ್ದೇನಲ್ಲ. ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜನು 1133ರಲ್ಲಿ ತೀರಿಕೊಂಡ ಮೇಲೆ ಅವನ ಮಗ ಬೊಪ್ಪದೇವನು ತಂದೆಯ ನೆನಪಿಗೆ ದೋರಸಮುದ್ರದಲ್ಲಿ ಈ ಜಿನಾಲಯವನ್ನು ಕಟ್ಟಿಸಿದನು. ತಂದೆಯ ಬಿರುದಿನಿಂದಲೇ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂಬ ಹೆಸರಾಯಿತು. ಘರಟ್ಟವೆಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಅರೆಯುವ ಕಲ್ಲು ಎಂದು ಬಿರುದಿನ ಅರ್ಥ. ಅಹಿಂಸೆಯ ದೇಗುಲಕ್ಕೆ ಇಂಥ ಹೆಸರು ಬಂದುದು ಇಂದಿನ ಓದುಗನಿಗೆ ವಿಚಿತ್ರವೆನಿಸಬಹುದು. ಆದರೆ ಗಂಗವಾಡಿ 96,000ದ ಹಾಳುಬಿದ್ದ ಬಸದಿಗಳನ್ನೆಲ್ಲ ಎತ್ತಿನಿಲ್ಲಿಸಿ ನಾಡನ್ನು ಕೊಪಣದಂತೆ ಬೆಳಗಿಸಿದವನೆಂಬ ಕೀರ್ತಿಯೂ ಅದೇ ದಂಡನಾಯಕನದು. ಕತ್ತಿ ಹಿಡಿದ ಕೈಯೇ ಧಾರೆ ಎರೆಯುತ್ತಿದ್ದ ಕಾಲವದು.

ಪ್ರತಿಷ್ಠೆ ಮುಗಿದ ಮೇಲೆ ಅರ್ಚಕರು ದೇವರ ಶೇಷಾಕ್ಷತೆಯನ್ನು ಹಿಡಿದು ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ಅರಸನ ಬಳಿಗೆ ಹೋದರು. ತನ್ನ ಮೇಲೆ ಏರಿಬಂದ ಮಸಣನನ್ನು ಅರಸನು ಆಗಷ್ಟೇ ಗೆದ್ದಿದ್ದನು. ಲಕ್ಷ್ಮೀದೇವಿಯಲ್ಲಿ ಮಗನೂ ಹುಟ್ಟಿದ್ದನು. ಗೆಲುವೂ ಮಗನೂ ಈ ದೇವರ ಪ್ರತಿಷ್ಠೆಯ ಫಲವೆಂದು ಬಗೆದ ಅರಸನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟು, ಜಾವಗಲ್ಲನ್ನು ಬಸದಿಗೆ ದತ್ತಿಯಾಗಿ ಬಿಟ್ಟನು. ಇಂದು ಅರಸೀಕೆರೆ ತಾಲ್ಲೂಕಿನಲ್ಲಿರುವ ಜಾವಗಲ್ ಅದೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಸದಿ ಬೊಪ್ಪನದು, ದತ್ತಿ ಅರಸನದು, ನೆನಪು ಗಂಗರಾಜನದು. ಜಾವಗಲ್ಲಿನ ಹೊಲಗಳಲ್ಲಿ ದುಡಿದು, ಅದುವರೆಗೆ ಅರಮನೆಗೆ ಕಟ್ಟುತ್ತಿದ್ದ ತೆರಿಗೆಯನ್ನು ಅಂದಿನಿಂದ ಬಸದಿಗೆ ಕಟ್ಟಿದ ಒಕ್ಕಲುಗಳು ಯಾರು? ಆ ಉತ್ಪತ್ತಿಯಿಂದ ಹಸಿವು ತೀರಿಸಿಕೊಂಡವರು ಯಾರು? ದೇವಪೂಜೆ, ಜೀರ್ಣೋದ್ಧಾರ, ಋಷಿಗಳ ಆಹಾರದಾನ ಎಂಬ ಮೂರು ಉದ್ದೇಶಗಳನ್ನು ಬಸದಿಯ ದತ್ತಿಶಾಸನಗಳು ಸಾಮಾನ್ಯವಾಗಿ ಹೇಳುತ್ತವೆ. ಪಡೆದವರ ಪೈಕಿ ಹೆಸರಿನಿಂದ ಉಳಿಯುವವರು ಕಾಲು ತೊಳೆಸಿಕೊಂಡು ಧಾರಾಪೂರ್ವಕವಾಗಿ ದತ್ತಿಯನ್ನು ಸ್ವೀಕರಿಸಿದ ಆಚಾರ್ಯರು ಮಾತ್ರ. ಇದು ಶಾಸನ ಬರೆದವರ ಉಪೇಕ್ಷೆಯೆಂದು ನಾನು ದೂರುತ್ತಿಲ್ಲ. ದಾನವನ್ನು ಮುಂದಿನವರು ಕಿತ್ತುಕೊಳ್ಳದಂತೆ ಕಾಯುವುದೇ ದಾನಶಾಸನದ ಕೆಲಸ. ಕೊಟ್ಟವನ ಹೆಸರೇ ಅದಕ್ಕೆ ಕಾವಲು. ಕೊನೆಯ ಶಾಪವಾಕ್ಯ ಎರಡನೆಯ ಕಾವಲು. ಪಡೆದವನ ಹೆಸರಿನಿಂದ ಆ ಕಾವಲಿಗೆ ಆಗಬೇಕಾದ್ದು ಏನೂ ಇರಲಿಲ್ಲ.

ಪಡೆದವರ ಹೆಸರನ್ನೇ ಉಳಿಸಿಕೊಂಡ ದಾಖಲೆಗಳು ಅದೇ ಶತಮಾನದಲ್ಲಿ ಬೇರೆಡೆ ಇದ್ದುವು. ಅವುಗಳಿಗೂ ಕರ್ನಾಟಕಕ್ಕೂ ಇರುವ ನಂಟು ನಾವು ಎಣಿಸುವುದಕ್ಕಿಂತ ಹತ್ತಿರದ್ದು.

ಬೊಪ್ಪನ ಬಸದಿಗೆ ಒಂದು ವರ್ಷ ಮುಂಚೆ, 1132ರ ಅಕ್ಟೋಬರ್ 17ರಂದು, ಆಳುಪರ ಮಂಗಳೂರಿನಲ್ಲಿ ಒಂದು ಪತ್ರ ಬರೆಯಲ್ಪಟ್ಟಿತು. ಅದನ್ನು ಬರೆಸಿದವನು ಅಬ್ರಹಾಂ ಬೆನ್ ಯಿಜು. ಟ್ಯುನೀಸಿಯದ ಮಹ್ದಿಯಾ ಪಟ್ಟಣದ ಯೆಹೂದಿ. ಏಡನ್ನಿನ ಮೂಲಕ ನಮ್ಮ ಕರಾವಳಿಗೆ ಬಂದು, ಮೆಣಸು, ಅಡಿಕೆ, ಕಬ್ಬಿಣಗಳ ವ್ಯಾಪಾರ ಮಾಡುತ್ತ, ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನೂ ನಡೆಸುತ್ತಿದ್ದನು. ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡುವ ಪತ್ರ ಅದು. ಬಿಡುಗಡೆಯೊಂದಿಗೆ ಅವಳಿಗೆ ಬೆರಾಖಾ, ಅಂದರೆ ಆಶೀರ್ವಾದ, ಎಂಬ ಹೀಬ್ರೂ ಹೆಸರು ಬಂತು. ಅವನ ಮಕ್ಕಳ ತಾಯಿ ಅವಳೇ ಎಂಬುದು ವಿದ್ವಾಂಸರ ಮತ. ಇದನ್ನು ಅಭಯದಾನವೆನ್ನಬಹುದೇ? ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ಚತುರ್ವಿಧ ದಾನದ ಪರಿಭಾಷೆಯಲ್ಲಿ ಬೆಳೆದ ನಮಗೆ ಹಾಗೆನ್ನಲು ಆಸೆಯಾಗುತ್ತದೆ. ನಾನು ಅಷ್ಟು ದೂರ ಹೋಗಲಾರೆ. ಅದೇ ಮನೆಯಲ್ಲಿ ಇನ್ನೊಬ್ಬ ದಾಸನು ದಾಸನಾಗಿಯೇ ಉಳಿದು, ಒಡೆಯನ ಸರಕಿನೊಡನೆ ಏಡನ್ನಿಗೆ ಹೋಗಿಬಂದನು. ಅಮಿತಾವ್ ಘೋಷ್ ಅವರು ತಮ್ಮ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ (1992) ಕೃತಿಯಲ್ಲಿ, ಬಿ.ಎ. ವಿವೇಕ ರೈಯವರ ನೆರವಿನಿಂದ, ಆ ದಾಸನ ಹೆಸರು ಬೊಮ್ಮ ಎಂದು ಗುರುತಿಸಿದುದು ತುಳು ಸಂಸ್ಕೃತಿಯ ಅಧ್ಯಯನಕ್ಕೆ ಸಂದ ಒಂದು ಒಳ್ಳೆಯ ಕಾಣಿಕೆ.

ಈ ಸಂಗತಿಗಳು ನಮಗೆ ತಿಳಿದದ್ದು ಹೇಗೆ? ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ನಾಶಮಾಡಬಾರದೆಂಬುದು ಯೆಹೂದಿಗಳ ಆಚಾರ. ಹಳೆಯ ಕೈರೋದ ಫುಸ್ತಾತಿನ ಬೆನ್ ಎಜ್ರಾ ಸಿನಗಾಗ್‌ನ ಒಂದು ಕೋಣೆಯಲ್ಲಿ ಅಂಥ ಕಾಗದಗಳು ಶತಮಾನಗಳ ಕಾಲ ಬಿದ್ದಿದ್ದುವು. ಆ ಕೋಣೆಗೆ ಗೆನಿಜಾ ಎಂದು ಹೆಸರು. 1896-97ರಲ್ಲಿ ಸೋಲೊಮನ್ ಶೆಕ್ಟರ್ ಅವುಗಳಲ್ಲಿ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ನಮ್ಮಲ್ಲಿ ಬಿ.ಎಲ್. ರೈಸ್ ಅವರ ಶಾಸನಕಾರ್ಯ ನಡೆಯುತ್ತಿದ್ದುದೂ ಆ ವರ್ಷಗಳಲ್ಲೇ. ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಹೊರಬಂತು. ಒಂದು, ಎಲ್ಲರೂ ಓದಲೆಂದು ಕಲ್ಲಿನಲ್ಲಿ ಕಡೆದಿಟ್ಟ ಬರಹ. ಇನ್ನೊಂದು, ಯಾರೂ ಮತ್ತೆ ಓದಬೇಕಿಲ್ಲವೆಂದು ಎತ್ತಿಟ್ಟ ಬರಹ. ಬೆನ್ ಯಿಜುವಿನ ಕಾಗದಗಳು ಆ ಎರಡನೆಯ ರಾಶಿಯಲ್ಲಿ ಸೇರಿದ್ದುವು. ಎಸ್.ಡಿ. ಗೋಯ್ಟೈನ್ ಅವುಗಳನ್ನು ಗುರುತಿಸಿ ಓದಿದರು. ಅವರ ಬಳಿಕ ಮೊರ್ದೆಕೈ ಫ್ರೀಡ್‌ಮನ್ ಆ ಕೆಲಸವನ್ನು ಮುಂದುವರಿಸಿ ಪೂರೈಸಿದರು.

ಗೆನಿಜಾದ ರಾಶಿಯಲ್ಲಿ ವ್ಯಾಪಾರದ ಪತ್ರಗಳ ಜೊತೆಗೆ ಫುಸ್ತಾತಿನ ಯೆಹೂದಿ ಸಮುದಾಯದ ದಾನದ ಲೆಕ್ಕಗಳೂ ಸಿಕ್ಕಿವೆ. ಬಡವರಿಗೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ರೊಟ್ಟಿ ಹಂಚಲಾಗುತ್ತಿತ್ತು. ಯಾರಿಗೆ ಎಷ್ಟು ರೊಟ್ಟಿ ಎಂಬುದನ್ನು ಪಟ್ಟಿಮಾಡಿ ಬರೆದಿಡುತ್ತಿದ್ದರು. ಅವು ಪಡೆದವರ ಪಟ್ಟಿಗಳು: ಇಂಥವನ ವಿಧವೆ, ಕುರುಡ, ಇಂಥ ಊರಿನಿಂದ ಬಂದ ಪರದೇಶಿ, ಅನಾಥ ಮಕ್ಕಳು. ಬೆಲೆಬಾಳುವ ಬಿರುದಾವಳಿ ಒಂದೂ ಇಲ್ಲ. ಹಸಿದವನ ಗುರುತು ಮಾತ್ರ. ಈ ವೆಚ್ಚಕ್ಕೆ ಆದಾಯವು ಸಮುದಾಯಕ್ಕೆ ಬಿಟ್ಟುಕೊಟ್ಟ ಮನೆಗಳ ಬಾಡಿಗೆಯಿಂದಲೂ ಚಂದಾ ಹಣದಿಂದಲೂ ಬರುತ್ತಿತ್ತು. ಹಾಗೆ ಬಿಟ್ಟ ಆಸ್ತಿಗೆ ಹೆಕ್ದೇಶ್ ಎಂದು ಹೆಸರು. ನಮ್ಮ ದೇವದಾನ, ಉಂಬಳಿಗಳಿಗೆ ಅದು ಬಹು ಸಮೀಪದ್ದು. ನಮ್ಮಲ್ಲಿ ಹಳ್ಳಿ ಮತ್ತು ಗದ್ದೆ, ಅಲ್ಲಿ ನಗರದ ಮನೆಗಳು, ಅಷ್ಟೆ ವ್ಯತ್ಯಾಸ. ಸೆರೆಸಿಕ್ಕವರನ್ನು ಹಣ ತೆತ್ತು ಬಿಡಿಸುವುದು, ಅನಾಥರ ಮತ್ತು ಬಡವರ ಮಕ್ಕಳ ಗುರುದಕ್ಷಿಣೆಯನ್ನು ಸಮುದಾಯವೇ ಭರಿಸುವುದು, ಇವೂ ಅದೇ ನಿಧಿಯ ಕರ್ತವ್ಯಗಳು. ದಾನಕ್ಕೆ ಅವರ ಮಾತು ಸೆದಾಕಾ. ಅದರ ಧಾತುವಿನ ಅರ್ಥ ನ್ಯಾಯ.

ಅಲ್ಲಿ ದಾನಿಗಳು ಎಲೆಮರೆಯ ಕಾಯಿಗಳಾಗಿದ್ದರೆಂದು ಯಾರೂ ಭಾವಿಸಬೇಕಿಲ್ಲ. ಚಂದಾ ಕೊಡುವುದಾಗಿ ಸಭೆಯಲ್ಲಿ ಬಹಿರಂಗವಾಗಿ ಹೇಳಿಕೊಳ್ಳುವ ಪದ್ಧತಿ ಅಲ್ಲಿಯೂ ಇತ್ತು, ಕೊಟ್ಟವರ ಪಟ್ಟಿಗಳೂ ಉಳಿದಿವೆ. ಆದರೆ ಕೊಟ್ಟವರ ಪಟ್ಟಿಯ ಮಗ್ಗುಲಲ್ಲಿಯೇ ಪಡೆದವರ ಪಟ್ಟಿಯೂ ಉಳಿದುದು ಆ ಕೋಣೆಯ ಪುಣ್ಯ.

ಅದೇ ಫುಸ್ತಾತಿನಲ್ಲಿ ಮುಂದೆ ನೆಲೆಸಿದ ಮೈಮೋನಿಡೀಸ್ (1138-1204) ದಾನಕ್ಕೆ ಎಂಟು ಮೆಟ್ಟಿಲುಗಳನ್ನು ವಿಧಿಸಿದನು. ಬಡವನಾಗಿ ಬೀಳುವ ಮುನ್ನವೇ ಒಬ್ಬನಿಗೆ ಸಾಲ, ಪಾಲುದಾರಿಕೆ ಅಥವಾ ಕೆಲಸ ಕೊಟ್ಟು ಅವನನ್ನು ಸ್ವಂತ ಕಾಲ ಮೇಲೆ ನಿಲ್ಲಿಸುವುದೇ ತುದಿಯ ಮೆಟ್ಟಿಲು. ಕೊಟ್ಟವನಿಗೆ ಪಡೆದವನೂ ಪಡೆದವನಿಗೆ ಕೊಟ್ಟವನೂ ತಿಳಿಯದ ದಾನ ಅದರ ಕೆಳಗಿನದು. ಪ್ರಾಸಂಗಿಕವಾಗಿ ಹೇಳಬೇಕೆಂದರೆ, ಅವನ ತಮ್ಮ ಡೇವಿಡ್ ವ್ಯಾಪಾರಕ್ಕೆಂದು ಹೊರಟು ಹಿಂದೂಮಹಾಸಾಗರದಲ್ಲಿ ಮುಳುಗಿ ಸತ್ತನು. ಅಣ್ಣನ ವ್ಯಾಸಂಗಕ್ಕೆ ಆಧಾರವಾಗಿದ್ದುದು ಆ ತಮ್ಮನ ಗಳಿಕೆಯೇ. ಶಾಸ್ತ್ರದಾನದ ಮಾತು ಬಂದಾಗ ನಾವು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯನ್ನು ನೆನೆಯುತ್ತೇವೆ; ಆ ತಮ್ಮನೂ ಅದೇ ಪಂಕ್ತಿಗೆ ಸೇರಬೇಕಾದವನು.

ಈ ಎಂಟು ಮೆಟ್ಟಿಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ದೋರಸಮುದ್ರಕ್ಕೆ ಬಂದರೆ, ಪಡೆದವರ ಹೆಸರು ಕಲ್ಲಿನಲ್ಲಿಲ್ಲವೆಂಬ ಮೇಲಿನ ನನ್ನ ಮಾತಿಗೆ ಒಂದು ಅಪವಾದ ಕಾಣಸಿಗುತ್ತದೆ. ಅದು ಬೇಲೂರಿನಲ್ಲಿ ದೊರೆತ 1137ರ ಶಾಸನ. ಅದರ ನಾಯಕ ಇಮ್ಮಡಿ ದಂಡನಾಯಕ ಬಿಟ್ಟಿಯಣ್ಣ, ಶಾಸನದ ಇನ್ನೊಂದು ಮಾತಿನಲ್ಲಿ ವಿಷ್ಣುದಂಡಾಧಿಪ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಈ ಹುಡುಗನನ್ನು ವಿಷ್ಣುವರ್ಧನನು ತನ್ನ ಮಗನಂತೆ ಸಾಕಿದನು. ಉಪನಯನವನ್ನು ತಾನೇ ಮಾಡಿಸಿದನು, ವಿದ್ಯೆ ಕಲಿಸಿದನು, ಮಂತ್ರಿಯ ಮಗಳನ್ನು ತಂದು ಮದುವೆ ಮಾಡಿದನು. ಹತ್ತು ಹನ್ನೊಂದರ ಪ್ರಾಯದಲ್ಲೇ ಅವನ ಬುದ್ಧಿ ದರ್ಭೆಯ ತುದಿಯಂತೆ ಹರಿತವಾಗಿತ್ತೆಂದು ಶಾಸನಕವಿ ಹೊಗಳುತ್ತಾನೆ. ದಂಡನಾಯಕಪದವಿಯೂ ಎಳೆಯ ವಯಸ್ಸಿನಲ್ಲೇ ಬಂತು; ಅರ್ಧ ತಿಂಗಳಲ್ಲಿ ಕೊಂಗುನಾಡನ್ನು ಗೆದ್ದು ಬಂದನೆಂಬ ಕೀರ್ತಿಯೂ ಬಂತು. ಹೊಗಳಿಕೆಯಲ್ಲಿ ಎಷ್ಟನ್ನು ಕಳೆಯಬೇಕೋ ಅಷ್ಟನ್ನು ಕಳೆದರೂ, ಅನಾಥ ಬಾಲಕನೊಬ್ಬನು ರಾಜ್ಯದ ಹೊಣೆ ಹೊರುವ ತರುಣನಾದನೆಂಬ ಸಂಗತಿ ಉಳಿಯುತ್ತದೆ. ಅರಸನು ಅವನಿಗೆ ಕೊಟ್ಟದ್ದು ಒಂದು ಹೊತ್ತಿನ ಊಟವಲ್ಲ. ಮೈಮೋನಿಡೀಸನು ತುದಿಯ ಮೆಟ್ಟಿಲೆಂದುದು ಇದನ್ನೇ.

ಆ ತರುಣನು ಮಾಡಿದ್ದೇನು? ರಾಜಧಾನಿಯಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿ, ಅದಕ್ಕೆ ತನ್ನ ಹೆಸರನ್ನಾಗಲಿ ಹೆತ್ತ ತಂದೆಯ ಹೆಸರನ್ನಾಗಲಿ ಇಡದೆ, ಸಾಕಿದವನ ಹೆಸರಿಟ್ಟು ವಿಷ್ಣುವರ್ಧನ ಜಿನಾಲಯವೆಂದು ಕರೆದನು. ಪೂಜೆಗೂ ಜೀರ್ಣೋದ್ಧಾರಕ್ಕೂ ಋಷಿಗಳ ಆಹಾರಕ್ಕೂ ದತ್ತಿ ಬಿಟ್ಟು ಗುರು ಶ್ರೀಪಾಲ ತ್ರೈವಿದ್ಯದೇವರಿಗೆ ಒಪ್ಪಿಸಿದನು. ಬೊಪ್ಪನ ದಾನದಲ್ಲಿ ಮಗನು ತಂದೆಗೆ ಸಲ್ಲಿಸಿದ ಋಣವಿದೆ, ಅದು ಸಹಜ. ಬಿಟ್ಟಿಯಣ್ಣನ ದಾನದಲ್ಲಿ ಪಡೆದವನು ಕೊಡುವವನಾಗಿ ನಿಂತಿದ್ದಾನೆ, ತಾನು ಪಡೆದವನೆಂಬುದನ್ನು ಕಲ್ಲಿನಲ್ಲಿ ಬರೆಸಲು ಸಂಕೋಚಪಟ್ಟಿಲ್ಲ. ಹೊಯ್ಸಳ ದಂಡನಾಯಕರ ಪ್ರಶಸ್ತಿಗಳಲ್ಲಿ ಪರಾಕ್ರಮ ಬೇಕಾದಷ್ಟಿದೆ, ಈ ಬಗೆಯ ಒಪ್ಪಿಗೆ ವಿರಳ. ಗಂಗರಾಜನು ತನ್ನ ಮಡದಿ ಲಕ್ಷ್ಮಿಗಾಗಿ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ನಿಸಿದಿಯ ಬರಹ ಅವಳ ಚತುರ್ವಿಧ ದಾನವನ್ನು ಕೊಂಡಾಡುತ್ತದೆ. ಅಲ್ಲಿಯೂ ಕೊಟ್ಟವಳಷ್ಟೇ ಇದ್ದಾಳೆ.

ಬೆನ್ ಯಿಜುವಿನ ಕಡೆಗೆ ಕೊನೆಯದಾಗಿ ಒಮ್ಮೆ ತಿರುಗೋಣ. 1148ರಲ್ಲಿ ಸಿಸಿಲಿಯ ದೊರೆ ಎರಡನೆಯ ರಾಜರನ ಪಡೆ ಮಹ್ದಿಯಾವನ್ನು ವಶಪಡಿಸಿಕೊಂಡಿತು. ಅವನ ಒಡಹುಟ್ಟಿದವರು ಎಲ್ಲವನ್ನೂ ಕಳೆದುಕೊಂಡು ಸಿಸಿಲಿ ಸೇರಿದರು. 1149ರಲ್ಲಿ ಮಂಗಳೂರನ್ನು ಬಿಟ್ಟು ಏಡನ್ನಿಗೆ ಬಂದ ಅವನು ಸಹೋದರರಿಗೆ ಪತ್ರ ಬರೆದನು. ಪರದೇಶದಲ್ಲಿ ತಾನು ಗಳಿಸಿದ್ದು ಅವರೆಲ್ಲರ ಬದುಕಿಗೂ ಸಾಲುತ್ತದೆ, ಬಂದು ಸೇರಿರಿ, ನಿಮ್ಮ ಗಂಡುಮಕ್ಕಳಲ್ಲಿ ಒಬ್ಬನಿಗೆ ನನ್ನ ಮಗಳನ್ನು ಕೊಡುತ್ತೇನೆ ಎಂಬುದು ಅದರ ತಾತ್ಪರ್ಯ. ತಮ್ಮನೊಬ್ಬನು ಅವನ ಹಣವನ್ನು ನುಂಗಿದ ಕಥೆಯೂ ಆ ಕಾಗದಗಳಲ್ಲೇ ಇದೆ. ದಾನಕ್ಕೆ ಕೈಚಾಚುವವರೆಲ್ಲ ನಿರಾಶ್ರಿತರಲ್ಲ ಎಂಬುದನ್ನು ಅವನು ಕಷ್ಟಪಟ್ಟು ಕಲಿತನು. ಕೊನೆಗೆ ಅಣ್ಣತಮ್ಮಂದಿರಲ್ಲಿ ಯೋಸೇಫನ ಮಗ ಪೆರಹ್ಯಾ ಈಜಿಪ್ಟಿಗೆ ಬಂದನು. 1156ರಲ್ಲಿ ಫುಸ್ತಾತಿನಲ್ಲಿ ಬೆನ್ ಯಿಜುವಿನ ಮಗಳು ಸಿತ್ ಅಲ್-ದಾರ್‌ಳನ್ನು ಮದುವೆಯಾದನು. ಮುಂದೆ ಆ ತರುಣನು ಸಮುದಾಯದ ನ್ಯಾಯಾಧೀಶನಾದನು.

ಬಿಟ್ಟಿಯಣ್ಣನ ವಿಷ್ಣುವರ್ಧನ ಜಿನಾಲಯವು ಇಂದು ಬಸ್ತಿಹಳ್ಳಿಯಲ್ಲಿ ನಿಂತಿರುವ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳಲ್ಲಿ ಸೇರಿಲ್ಲ. ಕಟ್ಟಡ ಹೋಗಿದೆ, ಶಾಸನ ಉಳಿದಿದೆ. ಹಳೇಬೀಡಿಗೆ ಹೋಗುವ ವಿದ್ಯಾರ್ಥಿಗಳು ಕಂಬಗಳ ಹೊಳಪನ್ನು ನೋಡಿದ ಮೇಲೆ ಜಾವಗಲ್ಲಿನ ದಾರಿ ಹಿಡಿದು ಆ ಊರನ್ನೂ ಒಮ್ಮೆ ನೋಡಿಬರಬೇಕು. ವಿಜಯಪಾರ್ಶ್ವನ ದೀಪಕ್ಕೆ ಎಣ್ಣೆ ಬಂದದ್ದು ಅಲ್ಲಿಯ ಹೊಲಗಳಿಂದ.