ಬಣ್ಣ ಹಿಡಿಯದ ಮೈ

1966ರ ಜನವರಿ 2ರಂದು ಜಪಾನಿನ ಟಿಬಿಎಸ್ ವಾಹಿನಿಯಲ್ಲಿ 'ಅಲ್ಟ್ರಾ ಕ್ಯೂ' ಎಂಬ ಧಾರಾವಾಹಿ ಶುರುವಾಯಿತು. ವಿಚಿತ್ರ ದೈತ್ಯಗಳು ಬಂದು ಊರನ್ನು ಬೆಚ್ಚಿಬೀಳಿಸುವ ಕತೆಗಳು. ಅದರಲ್ಲಿ ಕಾನೆಗೊನ್ ಎಂಬುದೊಂದು ನಾಣ್ಯ ತಿಂದೇ ಬದುಕುವ ಪ್ರಾಣಿ. ದುಡ್ಡಿನ ಆಸೆಬುರುಕ ಹುಡುಗನೊಬ್ಬ ಬೆಳಗಾಗುವುದರೊಳಗೆ ಅದಾಗಿಬಿಟ್ಟಿರುತ್ತಾನೆ. ಧಾರಾವಾಹಿ ಕಪ್ಪು ಬಿಳುಪಿನದು. ಅದೇ ವರ್ಷ ಟೋಕಿಯೊದ ಮಾರುಸಾನ್ ಕಂಪನಿ ಈ ಪ್ರಾಣಿಗಳನ್ನೂ, ಜೊತೆಗೆ ಗಾಡ್ಜಿಲ್ಲಾನನ್ನೂ ಮೆತ್ತನೆಯ ವಿನೈಲ್ ಗೊಂಬೆಗಳಾಗಿ ಮಾಡಿ ಮಾರಿತು. ಪರದೆಯ ಮೇಲೆ ಬೂದಿಯಂತೆ ಕಂಡದ್ದಕ್ಕೆ ಅಂಗಡಿಯಲ್ಲಿ ಬಣ್ಣ ಬಂದಿತ್ತು. ಆ ಬಣ್ಣವೇ ಸರಿ ಎನ್ನಲು ಟಿವಿಯ ಸಾಕ್ಷ್ಯವೇನೂ ಇರಲಿಲ್ಲ. ಮನೆಯಲ್ಲಿ ಟಿವಿ ನೋಡಿದ ಮಗುವಿಗೆ ದೈತ್ಯನ ಬಣ್ಣ ಗೊತ್ತಾದದ್ದು ಗೊಂಬೆಯಿಂದ.

ಈ ಗೊಂಬೆಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಪಾತ್ರ ಕಲ್ಪಿಸಿದವರ, ಮೂಲ ಆಕಾರ ತಿದ್ದಿದವರ, ಕಂಪನಿ ಕಟ್ಟಿ ಮುಳುಗಿಸಿದವರ ಕತೆ ಹೇಳುತ್ತಾರೆ. ಮಾರುಸಾನ್ 1968ರಲ್ಲಿ ದಿವಾಳಿಯಾದದ್ದು, ಅಲ್ಲಿನ ಹಳೆಯ ನೌಕರರು ಬುಲ್‌ಮಾರ್ಕ್ ಕಟ್ಟಿದ್ದು, 1977ರಲ್ಲಿ ಅದೂ ಮುಚ್ಚಿದ್ದು, ಎಲ್ಲ ದಾಖಲಾಗಿದೆ. ಬಣ್ಣ ಹಾಕಿದವರು ಮಾತ್ರ ಎಲ್ಲೂ ಬರುವುದಿಲ್ಲ. ಇವತ್ತು ಸಂಗ್ರಾಹಕರು ಭೂತಕನ್ನಡಿ ಹಿಡಿದು ನೋಡುವುದು, ಬೆಲೆ ಕಟ್ಟುವುದು ಮುಖ್ಯವಾಗಿ ಆ ಬಣ್ಣವನ್ನೇ.

ವಿನೈಲ್ ಬಂದದ್ದು ಬೆಂಕಿಯ ಭಯದಿಂದ. ಅದಕ್ಕೆ ಮೊದಲು ಜಪಾನಿನ ಗೊಂಬೆಗಳು ಸೆಲ್ಯುಲಾಯ್ಡ್‌ನವು. ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ ಮಾಡಿದ ವಸ್ತು ಎಂದರೆ ಸಾಕು, ಅದು ಹೇಗೆ ಹೊತ್ತಿಕೊಳ್ಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. 1950ರ ದಶಕದ ನಡುವಿನಲ್ಲಿ, ದೊಡ್ಡ ಗಿರಾಕಿಯಾಗಿದ್ದ ಅಮೆರಿಕದಲ್ಲೇ ಇಂಥ ಆಟಿಕೆಗಳ ಬಗ್ಗೆ ಆತಂಕ ಎದ್ದಾಗ ಟೋಕಿಯೊದ ಕಾತ್ಸುಶಿಕಾ ವಾರ್ಡಿನ ಸಣ್ಣ ಕಾರ್ಖಾನೆಗಳು ಬೇರೆ ದಾರಿ ಹುಡುಕಬೇಕಾಯಿತು. ಆ ದಾರಿಯನ್ನು 1926ರಲ್ಲೇ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೋ ಸೆಮನ್ ತೆರೆದಿದ್ದ. ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕಲು ಹೋಗಿ, ಗಡಸು ಪಿವಿಸಿಯನ್ನು ಎಣ್ಣೆಯಂಥ ದ್ರವದಲ್ಲಿ ಕಾಯಿಸಿ ಬಗ್ಗುವ ವಸ್ತುವನ್ನಾಗಿ ಮಾಡಿದವನು ಅವನು. ಆ ಎಣ್ಣೆಯಂಥ ದ್ರವಕ್ಕೆ ಪ್ಲಾಸ್ಟಿಸೈಸರ್ ಎನ್ನುತ್ತಾರೆ. ಮುಂದಿನ ಫಜೀತಿಗೆಲ್ಲ ಅದೇ ಮೂಲ.

ಗೊಂಬೆ ಮಾಡುವ ಕ್ರಮ ನೋಡಲು ಸರಳ. ಮೇಣದ ಮೂಲದ ಮೇಲೆ ವಿದ್ಯುತ್ತಿನಿಂದ ತಾಮ್ರ ಕೂರಿಸಿ ಅಚ್ಚು ತೆಗೆಯುತ್ತಾರೆ. ದೋಸೆ ಹಿಟ್ಟಿನ ಹದದ ದ್ರವ ವಿನೈಲನ್ನು ಅದರೊಳಗೆ ಹೊಯ್ದು ಕಾದ ಎಣ್ಣೆಯಲ್ಲಿ ಅದ್ದಿದರೆ ಗೋಡೆಗೆ ತಾಗಿದ್ದು ಗಟ್ಟಿಯಾಗುತ್ತದೆ. ನಡುವಿನದನ್ನು ಹೊರಕ್ಕೆ ಸುರಿದು, ಮತ್ತೆ ಬೇಯಿಸಿ, ತಣಿಸಿ, ಇನ್ನೂ ಬಿಸಿ ಆರುವ ಮೊದಲೇ ಇಕ್ಕಳ ಹಾಕಿ ಸಣ್ಣ ಬಾಯಿಯಿಂದ ಎಳೆಯುವುದು. ಹಲ್ಲು, ಕೋಡು, ಬೆನ್ನಿನ ಮುಳ್ಳು ಎಲ್ಲ ಮುದುಡಿಕೊಂಡು ಹೊರಬಂದು ಮತ್ತೆ ಅರಳುತ್ತವೆ. ಸಾಫ್ಟ್ ವಿನೈಲ್ ಎಂಬುದನ್ನು ಜಪಾನೀಯರು ಮೊಟಕು ಮಾಡಿ ಸೊಫುಬಿ ಎಂದರು.

ಇಷ್ಟಾದ ಮೇಲೆ ಬಣ್ಣ. ವಿನೈಲಿನೊಳಗಿನ ಆ ಎಣ್ಣೆ ಸುಮ್ಮನಿರುವುದಿಲ್ಲ, ನಿಧಾನವಾಗಿ ಮೈಮೇಲಕ್ಕೆ ಬರುತ್ತದೆ. ಮರಕ್ಕೆ, ತಗಡಿಗೆ ಹಚ್ಚುವ ಎನಾಮೆಲ್ ಬಣ್ಣವನ್ನು ಇದಕ್ಕೆ ಹಚ್ಚಿದರೆ ಮೊದಲ ದಿನ ಚೆಂದವಾಗಿಯೇ ಕಾಣುತ್ತದೆ. ಆಮೇಲೆ ಎಣ್ಣೆ ಬಣ್ಣದೊಳಕ್ಕೆ ನುಗ್ಗಿ ಅದನ್ನು ಮೆದು ಮಾಡುತ್ತದೆ. ಬಣ್ಣ ತಿಂಗಳಾದರೂ ಒಣಗದೆ ಜಿಗಿಜಿಗಿ ಎನ್ನುತ್ತದೆ. ಗಡಸು ಬಣ್ಣವಾದರೆ ಗೊಂಬೆಯ ಕೈ ಬಗ್ಗಿಸಿದಾಗ ಚಕ್ಕೆಯೇಳುತ್ತದೆ. ಆದ್ದರಿಂದ ಬಣ್ಣವೂ ವಿನೈಲಿನದೇ ಆಗಬೇಕಾಯಿತು. ವಿನೈಲ್ ಅಂಟನ್ನು ಕೀಟೋನ್ ಜಾತಿಯ ಕಟು ದ್ರಾವಕದಲ್ಲಿ ಕರಗಿಸಿ, ಅದಕ್ಕೆ ಬಣ್ಣ ಬೆರೆಸಿದ್ದು. ದ್ರಾವಕ ಗೊಂಬೆಯ ಮೈಯನ್ನು ಕೂದಲೆಳೆಯಷ್ಟು ಕರಗಿಸಿ, ಬಣ್ಣವನ್ನು ಅದರೊಳಗೆ ಕಚ್ಚಿಸಿ, ಗಾಳಿಗೆ ಹಾರಿಹೋಗುತ್ತದೆ. ಹಾರಿಹೋದದ್ದು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಬೇಗ ಆರುವ ಇಂಥ ಬಣ್ಣವನ್ನು ಕುಂಚದಿಂದ ಎಳೆದರೆ ಗೆರೆ ಏಳುತ್ತದೆ, ತುಂತುರಾಗಿ ಊದಬೇಕು. ಅದಕ್ಕೆ ಬೇಕಾದ ಸಲಕರಣೆ ಆಗಲೇ ಹಳೆಯದಾಗಿತ್ತು. 1879ರಲ್ಲಿ ಅಮೆರಿಕದ ಅಯೋವಾದ ಆಬ್ನರ್ ಪೀಲರ್ ಎಂಬಾತ ಫೋಟೋ ತಿದ್ದಲು ಗಾಳಿಯಿಂದ ಬಣ್ಣ ಹಾಕುವ ಸಾಧನ ಮಾಡಿದ; 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ಅದನ್ನು ಪೆನ್ನಿನಂತೆ ಹಿಡಿಯುವ, ಇಂದಿನ ಏರ್‌ಬ್ರಷ್‌ನ ರೂಪಕ್ಕೆ ತಂದ. ದೊಡ್ಡ ಸ್ಪ್ರೇ ಗನ್ನಿನ ವಂಶ ಬೇರೆ. ಒಹಾಯೋದ ಅಲೆನ್ ಡಿವಿಲ್ಬಿಸ್ ಎಂಬ ವೈದ್ಯ ರೋಗಿಗಳ ಗಂಟಲಿಗೆ ಔಷಧಿ ಊದಲು 1888ರಲ್ಲಿ ಮಾಡಿದ ಉಪಕರಣವನ್ನು ಅವನ ಮಗ ಥಾಮಸ್ ಬಣ್ಣ ಊದಲು ಒಗ್ಗಿಸಿದ. ಗಂಟಲಿನ ಮದ್ದಿಗೆ ಹುಟ್ಟಿದ್ದು ಕೊನೆಗೆ ಯಾರ ಗಂಟಲಿಗೆ ಏನನ್ನು ಇಳಿಸಿತು ಎಂದು ಯೋಚಿಸಿದರೆ ಮನಸ್ಸು ಕಸಿವಿಸಿಗೊಳ್ಳುತ್ತದೆ.

ಗೊಂಬೆಯ ಲೆಕ್ಕಾಚಾರ ಕಾಸಿನದು. ಮೈಬಣ್ಣ ವಿನೈಲಿನೊಳಗೇ ಬೆರೆತಿರುತ್ತದೆ, ಅದಕ್ಕೆ ಬೇರೆ ಕೂಲಿಯಿಲ್ಲ. ಮೇಲೆ ಊದುವ ಒಂದೊಂದು ಬಣ್ಣಕ್ಕೂ ಒಂದೊಂದು ಕೈ, ಒಂದೊಂದು ಕೂಲಿ. ಹಾಗಾಗಿ ಬೆನ್ನಿಗೊಂದು ಹಸಿರು ಮಂಜು, ಎದೆಗೊಂದು ಬೆಳ್ಳಿಯ ಮಂಜು, ಕಣ್ಣಿಗೆ ಬಿಳಿ, ಬಾಯಿಗೆ ಕೆಂಪು, ಅಲ್ಲಿಗೆ ಮುಗಿಯಿತು. ಅಂಚು ಸ್ಪಷ್ಟ ಬೇಕಾದ ಕಡೆ ಲೋಹದ ಮಾಸ್ಕ್ ಹಿಡಿಯುತ್ತಿದ್ದರು. ಲಾರಿಯ ಮೇಲೆ ನಂಬರು ಬರೆಯಲು ಕತ್ತರಿಸಿದ ತಗಡು ಇಡುತ್ತಾರಲ್ಲ, ಅದೇ ತತ್ವ. ಆದರೆ ಇದು ಗೊಂಬೆಯ ಮುಖದ ಉಬ್ಬುತಗ್ಗಿಗೆ ಸರಿಯಾಗಿ ಕೂರುವಂತೆ ಮಾಡಿದ್ದು. ಮಾಸ್ಕ್ ಒಂದು ಕೂದಲೆಳೆ ಸರಿದರೆ ಗೊಂಬೆಗೆ ಮೆಳ್ಳೆಗಣ್ಣು. ಮಾಸ್ಕ್ ಇಲ್ಲದ ಕಡೆ ತುಂತುರಿನ ಮಾಸಲು ಅಂಚು ಕೈತಪ್ಪನ್ನು ಮುಚ್ಚಿಬಿಡುತ್ತದೆ. ಇವತ್ತು ಕಲಾವಿಮರ್ಶಕರು 'ಕನಸಿನಂಥ ವರ್ಣಲೋಕ' ಎಂದೆಲ್ಲ ಹೊಗಳುವ ಶೈಲಿಯ ಹುಟ್ಟಿನಲ್ಲಿ ಈ ಉಳಿತಾಯದ ಪಾಲೇ ದೊಡ್ಡದು ಎಂಬುದು ನನ್ನ ಅಂದಾಜು. ಅದರಿಂದ ಆ ಶೈಲಿಯ ಚೆಲುವೇನೂ ಕಡಿಮೆಯಾಗುವುದಿಲ್ಲ.

ಈ ಕೆಲಸ ಸಣ್ಣ ಕಾರ್ಖಾನೆಗಳಲ್ಲೂ ನಡೆಯಿತು, ಮನೆಗಳಲ್ಲೂ ನಡೆಯಿತು. ಜಪಾನಿನಲ್ಲಿ ಗೃಹಿಣಿಯರು ಬಿಡುವಿನಲ್ಲಿ ಮಾಡುವ ತುಂಡುಗೂಲಿಗೆ 'ನೈಶೊಕು' ಎಂಬ ಹೆಸರಿದೆ. ಕರಾವಳಿಯ ಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ಕಂಡವರಿಗೆ ಇದರ ವ್ಯವಸ್ಥೆ ಬೇಗ ಅರ್ಥವಾಗುತ್ತದೆ: ಮಾಲು ಮನೆಬಾಗಿಲಿಗೆ ಬರುತ್ತದೆ, ಎಣಿಕೆಗೆ ದುಡ್ಡು, ಕೆಟ್ಟದ್ದಕ್ಕೆ ಕಡಿತ. ಎಲ್ಲರೂ ಊದುತ್ತಿರಲಿಲ್ಲ. ಕಣ್ಣಿನ ಬೊಟ್ಟು ಇಡುವುದು, ಕೈಕಾಲು ಜೋಡಿಸುವುದು, ಚೀಲಕ್ಕೆ ತುಂಬಿ ಮೇಲೆ ಕಾಗದದ ಪಟ್ಟಿ ಹೊಡೆಯುವುದೂ ಇತ್ತು.

ಹಾರಿಹೋದ ದ್ರಾವಕದ ಪ್ರಶ್ನೆಗೆ ಉತ್ತರ ಆಟಿಕೆಗಿಂತ ಮೊದಲು ಚಪ್ಪಲಿಯಲ್ಲಿ ಸಿಕ್ಕಿತು. 1950ರ ದಶಕದ ಕೊನೆಯಲ್ಲಿ, ನಟಿ ಆಡ್ರೆ ಹೆಪ್‌ಬರ್ನ್ ಹೆಸರಿನ 'ಹೆಪ್ ಸ್ಯಾಂಡಲ್' ಜಪಾನಿನಲ್ಲಿ ಭಾರೀ ಚಾಲ್ತಿಗೆ ಬಂತು. ಮನೆಯೊಳಗೆ ಕೂತು ಅದನ್ನು ಅಂಟಿಸುತ್ತಿದ್ದವರು ಬಳಸಿದ ರಬ್ಬರ್ ಗೋಂದಿನಲ್ಲಿ ಬೆಂಜೀನ್ ಇತ್ತು. ಬೆಂಜೀನ್ ಮೂಳೆಯ ಮಜ್ಜೆಯನ್ನು ಕೊಲ್ಲುತ್ತದೆ, ರಕ್ತ ಹುಟ್ಟುವುದು ನಿಲ್ಲುತ್ತದೆ. ಸಾವುಗಳಾದವು. 1959ರಲ್ಲಿ ಸರ್ಕಾರ ಬೆಂಜೀನ್ ಬೆರೆತ ಗೋಂದನ್ನು ನಿಷೇಧಿಸಿತು. ಮನೆಗೆಲಸದ ಕೂಲಿಗಳಿಗೆಂದೇ ಪ್ರತ್ಯೇಕ ಕಾಯ್ದೆ ಬರಲು 1970 ಆಗಬೇಕಾಯಿತು. ಅಂದರೆ ಅಲ್ಟ್ರಾ ಕ್ಯೂ ದೈತ್ಯಗಳ ಮೊದಲ ಭರಾಟೆ ಪೂರ್ತಿ ಆ ನಡುವಿನ ವರ್ಷಗಳಲ್ಲೇ ನಡೆಯಿತು. ಗೊಂಬೆಗೆ ಬಣ್ಣ ಹಾಕುವವರು ಉಸಿರಾಡಿದ್ದು ಬೆಂಜೀನ್ ಅಲ್ಲದಿರಬಹುದು, ಆದರೆ ಕಟು ದ್ರಾವಕವನ್ನಂತೂ ಹೌದು.

1980ರ ದಶಕದಿಂದೀಚೆಗೆ ಬಹುಪಾಲು ಕೆಲಸ ಚೀನಾಕ್ಕೆ ಹೋಯಿತು. ಕಾನೂನೂ ಬಿಗಿಯಾಯಿತು. ಮಕ್ಕಳು ಬಾಯಿಗಿಡುವ ಆಟಿಕೆಗಳಲ್ಲಿ ಕೆಲವು ಥ್ಯಾಲೇಟ್‌ಗಳನ್ನು, ಅಂದರೆ ಅದೇ ಎಣ್ಣೆಯ ಕೆಲವು ಬಗೆಗಳನ್ನು, ಯುರೋಪು 1999ರಲ್ಲಿ ತಾತ್ಕಾಲಿಕವಾಗಿ ತಡೆದು, 2005ರಲ್ಲಿ ಕಾಯಂ ನಿಯಮ ಮಾಡಿತು. 2007ರಲ್ಲಿ ಮ್ಯಾಟೆಲ್ ಕಂಪನಿ ಬಣ್ಣದಲ್ಲಿ ಸೀಸ ಸಿಕ್ಕಿದ್ದಕ್ಕೆ ಲಕ್ಷಾಂತರ ಆಟಿಕೆಗಳನ್ನು ವಾಪಸು ತರಿಸಿಕೊಂಡಿತು. ಮರುವರ್ಷ ಅಮೆರಿಕ ಹೊಸ ಕಾಯ್ದೆ ತಂದಿತು. ಎಲ್ಲವೂ ಬೇಕಾದದ್ದೇ. ಆದರೆ ಈ ಕಾನೂನುಗಳ ಕಣ್ಣು ಪೂರ್ತಿ ಗೊಂಬೆಯನ್ನು ಚೀಪುವ ಮಗುವಿನ ಮೇಲಿತ್ತು, ಅದೇ ಬಣ್ಣವನ್ನು ದಿನವಿಡೀ ಊದುವವಳ ಮೇಲಲ್ಲ.

ಇಷ್ಟರಲ್ಲಿ ಗೊಂಬೆ ಮಕ್ಕಳ ಕೈತಪ್ಪಿತ್ತು. 1999ರಲ್ಲಿ ಅಮೆರಿಕದ ಕಲಾವಿದ ಕಾಸ್, ಟೋಕಿಯೊದ ಬೌಂಟಿ ಹಂಟರ್ ಜೊತೆ ಸೇರಿ 'ಕಂಪ್ಯಾನಿಯನ್' ಎಂಬ ವಿನೈಲ್ ಗೊಂಬೆ ತಂದ, ಕೊಂಡವರು ದೊಡ್ಡವರು. 2005ರಲ್ಲಿ ಕಿಡ್‌ರೋಬಾಟ್ ಕಂಪನಿ 'ಮನ್ನಿ' ಎಂಬ ಅಚ್ಚ ಬಿಳಿ ಗೊಂಬೆ ಮಾರತೊಡಗಿತು, ಮುಖವೂ ಇಲ್ಲದ್ದು, ಕೊಂಡವರೇ ಬಣ್ಣ ಹಾಕಿಕೊಳ್ಳಲಿ ಎಂದು. ನೈಶೊಕು ಹೆಂಗಸರ ಕೆಲಸ ಹವ್ಯಾಸವಾಗಿ, ಕಲೆಯಾಗಿ ಮರುಹುಟ್ಟು ಪಡೆಯಿತು. ಹೊಸಬರೆಲ್ಲ ಹಳೆಯ ಪಾಠವನ್ನು ಮೊದಲಿನಿಂದ ಕಲಿತರು: ಅಚ್ಚಿನ ಜಿಡ್ಡು ಹೋಗುವಂತೆ ಸೋಪು ಹಾಕಿ ತೊಳೆ, ಕಡಿಮೆ ಒತ್ತಡದಲ್ಲಿ ತೆಳುವಾಗಿ ಊದು, ಒಂದು ಪದರ ಆರಿದ ಮೇಲೆ ಇನ್ನೊಂದು.

ಅವರು ಹೊಸದಾಗಿ ತಲೆಕೆಡಿಸಿಕೊಂಡದ್ದು ಕ್ಲಿಯರ್ ಕೋಟ್ ಬಗ್ಗೆ, ಅಂದರೆ ಬಣ್ಣದ ಮೇಲೆ ಕೊಡುವ ಪಾರದರ್ಶಕ ಹೊದಿಕೆ. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿ ತಂದು ಹೊಡೆದವರ ಗೊಂಬೆಗಳು ಅದೇ ಎಣ್ಣೆಯ ದೆಸೆಯಿಂದ ಜಿಗುಟಾಗಿ ಧೂಳು ಹಿಡಿದವು. ಹೊದಿಕೆಯೂ ವಿನೈಲಿಗೆ ಒಗ್ಗುವ, ಬಗ್ಗುವಂಥದ್ದೇ ಆಗಬೇಕು. ಸರಿಯಾಗಿ ಕೂತರೆ ಬಣ್ಣ ಒದ್ದೆಯಾದಂತೆ ಹೊಳೆಯುತ್ತದೆ, ಬೆರಳಿನ ಉಜ್ಜಾಟ ತಡೆಯುತ್ತದೆ. ಮಾರುಸಾನ್, ಬುಲ್‌ಮಾರ್ಕ್ ಕಾಲದ ಗೊಂಬೆಗಳಲ್ಲಿ ಕೋಡಿನ ತುದಿ, ಮೂಗು, ಬಾಲ, ಪಾದದ ಬೆರಳುಗಳ ಬಣ್ಣ ಸವೆದಿರುವುದು ಸಾಮಾನ್ಯ. ಮಗು ಹಿಡಿದು ನೆಲಕ್ಕೆ ಕುಟ್ಟಿದ ಜಾಗಗಳವು. ಅವುಗಳ ಮೇಲೆ ಈಗ ಹೊದಿಕೆ ಕೊಡುವುದು ನನ್ನ ಮಟ್ಟಿಗೆ ತಪ್ಪು. ಹೊಸ ಹೊಳಪು ಆ ಸವೆತವನ್ನೂ, ಊದಿದವಳ ಕೈಯ ಏರುಪೇರನ್ನೂ ಒಂದೇ ಮಟ್ಟಕ್ಕೆ ತಂದುಬಿಡುತ್ತದೆ.

ಇಂದಿನ ಕಲಾವಿದ ಹೊದಿಕೆ ಕೊಡುವ ಮೊದಲು ಗೊಂಬೆಯ ಅಂಗಾಲಿಗೆ ಸಹಿ ಹಾಕುತ್ತಾನೆ, ಅಳಿಸದಿರಲಿ ಎಂದು. ಹಳೆಯ ಗೊಂಬೆಯ ಅಂಗಾಲಿನಲ್ಲಿ ಅಚ್ಚಿನಲ್ಲೇ ಮೂಡಿದ ಕಂಪನಿಯ ಗುರುತು, 'ಜಪಾನ್' ಎಂಬ ಮಾತು ಇರುತ್ತದೆ. ಅಲ್ಲಿಗೆ ಬಣ್ಣ ಊದಿರುವುದಿಲ್ಲ, ಅಂಗಾಲು ಯಾರಿಗೂ ಕಾಣುವುದಿಲ್ಲವಲ್ಲ. ಕೆಲವು ಗೊಂಬೆಗಳಲ್ಲಿ ಮಾತ್ರ ಪಕ್ಕದ ಹಸಿರೋ ಬೆಳ್ಳಿಯೋ ತುಸು ಹಾರಿ ಬಂದು ಅಂಚಿನಲ್ಲಿ ಕೂತಿರುತ್ತದೆ.