ಹಣದ ಹೆಜ್ಜೆ ಹಿಡಿಯುವ ವಿದ್ಯೆ: ಕಲ್ಯಾಣದಲ್ಲಿ ಬರೆದ ಪಾಠ

ಹುಮನಾಬಾದಿನಿಂದ ರಾಜೇಶ್ವರದ ಮೇಲೆ ಹಾದು ಬಸವಕಲ್ಯಾಣಕ್ಕೆ ಬರುವವರು ಕೋಟೆಯನ್ನೂ ಶರಣರ ನೆನಪಿನ ತಾಣಗಳನ್ನೂ ನೋಡಿ ಹಿಂದಿರುಗುತ್ತಾರೆ. ಇದೇ ನೆಲದಲ್ಲಿ, ಶರಣರಿಗಿಂತ ಒಂದೆರಡು ತಲೆಮಾರು ಮೊದಲು, ಕಳ್ಳನನ್ನು ಹಿಡಿಯುವುದು ಹೇಗೆ, ಕದ್ದ ಮಾಲನ್ನು ಯಾರಿಗೆ, ಯಾವ ಕ್ರಮದಲ್ಲಿ ಮರಳಿಸಬೇಕು ಎಂಬುದನ್ನು ವಿವರಿಸಿದ ಗ್ರಂಥವೊಂದು ರಚಿತವಾಯಿತು ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಆ ಗ್ರಂಥವೇ ವಿಜ್ಞಾನೇಶ್ವರನ ‘ಮಿತಾಕ್ಷರಾ’.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ಬರೆದ ಈ ಕೃತಿ ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ. ಇಂದು ಮಿತಾಕ್ಷರಾ ಎಂದೊಡನೆ ನೆನಪಾಗುವುದು ಅವಿಭಕ್ತ ಕುಟುಂಬದ ಆಸ್ತಿ ಪಾಲು ಮಾತ್ರ. ಅದಕ್ಕೆ ಕಾರಣ ಉಂಟು. ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದದ್ದು ಅದರ ದಾಯಭಾಗವನ್ನು. ಬ್ರಿಟಿಷರ ನ್ಯಾಯಾಲಯಗಳಿಗೆ ಬೇಕಾಗಿದ್ದುದೂ ಅಷ್ಟೇ. ಅಪರಾಧದ ವಿಚಾರಕ್ಕೆ 1860ರ ದಂಡಸಂಹಿತೆ ಬಂದ ಮೇಲೆ ಉಳಿದ ಪ್ರಕರಣಗಳು ಪಂಡಿತರ ಕಪಾಟು ಸೇರಿದವು.

ಆದಾಯವಿಲ್ಲ, ಖರ್ಚು ಉಂಟು

ಕಳ್ಳತನದ ಪ್ರಕರಣದಲ್ಲಿ ಸ್ಮೃತಿಕಾರ ಮೊದಲು ಕೊಡುವುದು ಸುಳಿವುಗಳ ಪಟ್ಟಿ: ಕೈಯಲ್ಲಿ ಸಿಕ್ಕ ಮಾಲು, ನೆಲದ ಮೇಲಿನ ಹೆಜ್ಜೆ, ಹಿಂದೆ ಮಾಡಿದ ಅಪರಾಧ, ಗೊತ್ತಾದ ಬಿಡಾರವಿಲ್ಲದಿರುವುದು. ಇವು ಯಾವ ಊರಿನ ತಳವಾರನಿಗೂ ತಿಳಿದವು. ಆದರೆ ಅನುಮಾನ ಪಡಬೇಕಾದವರ ಸಾಲಿನಲ್ಲಿ ಮುಂದೆ ಇನ್ನೊಬ್ಬ ಬರುತ್ತಾನೆ. ವರಮಾನದ ದಾರಿ ಕಾಣದೆಯೇ ಧಾರಾಳವಾಗಿ ಖರ್ಚು ಮಾಡುವವನು ಅವನು. ಅವನ ಕೈಯಲ್ಲಿ ಕದ್ದ ಮಾಲಿಲ್ಲ, ಅಂಗಳದಲ್ಲಿ ಹೆಜ್ಜೆಯ ಗುರುತಿಲ್ಲ. ಅವನ ವಿರುದ್ಧ ಸಾಕ್ಷಿ ಹೇಳುವುದು ಲೆಕ್ಕ ಒಂದೇ. ಇಂದು ‘ಆದಾಯ ಮೀರಿದ ಆಸ್ತಿ’ ಎಂದು ಲೋಕಾಯುಕ್ತದ ದಾಳಿ ಸುದ್ದಿಗಳಲ್ಲಿ ಓದುವ ಮಾತಿನ ಹಳೆಯ ರೂಪ ಇದು.

ಇಲ್ಲಿ ವಿಜ್ಞಾನೇಶ್ವರ ತೋರುವ ಎಚ್ಚರ ಗಮನಾರ್ಹ. ಇಂಥ ಗುರುತು ಕಂಡ ಮಾತ್ರಕ್ಕೆ ಒಬ್ಬನನ್ನು ಕಳ್ಳನೆಂದು ತೀರ್ಮಾನಿಸಬಾರದು ಎನ್ನುತ್ತಾನೆ. ಮಾಲು ಬೇರೆಯವರ ಕೈಯಿಂದ ಜಾರಿ ಬಿದ್ದುದಿರಬಹುದು, ನೆಲದ ಮೇಲೆ ಸಿಕ್ಕಿದುದಿರಬಹುದು. ಆದ್ದರಿಂದ ಕೂಲಂಕಷವಾಗಿ ಪರೀಕ್ಷಿಸಬೇಕೆಂದು ನಾರದ ಸ್ಮೃತಿಯ ಆಧಾರವನ್ನು ಕೊಡುತ್ತಾನೆ. ಅನುಮಾನ ತನಿಖೆಯ ಮೊದಲ ಮೆಟ್ಟಿಲು, ತೀರ್ಪಲ್ಲ.

ಮಾಲು ಯಾರಿಗೆ, ಬೆಲೆ ಯಾರಿಗೆ?

ಕದ್ದ ವಸ್ತು ಕಳ್ಳನ ಮನೆಯಲ್ಲೇ ಉಳಿಯುವುದು ಅಪರೂಪ. ಅದು ಕೈಬದಲಾಗುತ್ತದೆ. ತನ್ನದಲ್ಲದ್ದನ್ನು ಮಾರುವುದಕ್ಕೆ ಧರ್ಮಶಾಸ್ತ್ರದಲ್ಲಿ ‘ಅಸ್ವಾಮಿವಿಕ್ರಯ’ ಎಂದು ಹೆಸರು. ಇದಕ್ಕೆ ಹೇಳಿದ ಕ್ರಮ ಸರಳವಾಗಿದೆ. ಕೊಂಡವನು ಮಾರಿದವನನ್ನು ತೋರಿಸಬೇಕು, ತೋರಿಸಿದರೆ ಅವನು ಪಾರು. ಬಳಿಕ ವಸ್ತು ಒಡೆಯನಿಗೆ, ದಂಡ ಅರಸನಿಗೆ, ಕೊಟ್ಟ ಬೆಲೆ ಕೊಂಡವನಿಗೆ ಸೇರಬೇಕು. ಇವೆಲ್ಲವೂ ಮಾರಿದವನಿಂದಲೇ ವಸೂಲಾಗಬೇಕು. ಗುಟ್ಟಾಗಿ, ಹೊತ್ತಲ್ಲದ ಹೊತ್ತಿನಲ್ಲಿ, ಬೆಲೆಗಿಂತ ಬಹಳ ಕಡಿಮೆಗೆ ಕೊಂಡವನನ್ನು ಮಾತ್ರ ಕಳ್ಳನಂತೆಯೇ ಕಾಣಬೇಕು. ಕಡಿಮೆ ಬೆಲೆಯ ದಸ್ತಾವೇಜು, ಬೇನಾಮಿ ಹೆಸರು ಇವುಗಳನ್ನು ಶೋಧಿಸುವ ಇಂದಿನ ಅಧಿಕಾರಿಯೂ ಕೇಳುವುದು ಇವೇ ಪ್ರಶ್ನೆಗಳನ್ನು.

ಇದಕ್ಕಿಂತಲೂ ದೊಡ್ಡ ಮಾತು ಇನ್ನೊಂದಿದೆ. ಕಳ್ಳರು ಒಯ್ದ ಸೊತ್ತನ್ನು ಪ್ರಜೆಗೆ ದೊರಕಿಸಿಕೊಡುವುದು ಅರಸನ ಹೊಣೆ. ಪ್ರಯತ್ನಿಸಿಯೂ ಸಿಗದಿದ್ದರೆ ತನ್ನ ಬೊಕ್ಕಸದಿಂದ ಕೊಡಬೇಕು. ಸುಮ್ಮನೆ ಕುಳಿತರೆ ಕಳ್ಳನ ಪಾಪ ಅವನ ಪಾಲಿಗೆ. ಕಳ್ಳನಿಗೆ ಶಿಕ್ಷೆ ಕೊಡುವುದಕ್ಕೆ ಮುಂಚೆಯೇ ಅವನಿಂದ ಮಾಲನ್ನು ಕೊಡಿಸಬೇಕು ಎಂಬುದೂ ಅಲ್ಲಿನ ಕ್ರಮ.

ಹಾಗೆಂದು ಆ ಕಾಲದ ನ್ಯಾಯವನ್ನು ಹಾಡಿ ಹೊಗಳಬೇಕಾಗಿಲ್ಲ. ಶಿಕ್ಷೆಗಳು ಕ್ರೂರವಾಗಿದ್ದವು, ಅವುಗಳಲ್ಲಿ ಜಾತಿಯ ತಾರತಮ್ಯವಿತ್ತು. ಅವನ್ನು ಬಿಟ್ಟದ್ದೇ ಒಳ್ಳೆಯದಾಯಿತು. ಆದರೆ ಕಳೆದುಕೊಂಡವನನ್ನು ಮರೆಯಬಾರದೆಂಬ ವಿವೇಕವೂ ಅವುಗಳ ಜತೆ ಕೈಬಿಟ್ಟುಹೋಯಿತು.

ಲೆಕ್ಕದೊಳಗಿನ ಕಳ್ಳತನ

ಬಾಗಿಲು ಮುರಿಯುವ ಕಳ್ಳ ಒಬ್ಬನಾದರೆ ಲೆಕ್ಕದ ಪುಸ್ತಕದಲ್ಲೇ ಕನ್ನ ಕೊರೆಯುವವನು ಇನ್ನೊಬ್ಬ. ಕಲ್ಯಾಣದ ಜನಮನದಲ್ಲಿ ಉಳಿದಿರುವ ದೊಡ್ಡ ಕಥೆಯೂ ಲೆಕ್ಕಕ್ಕೆ ಸಂಬಂಧಿಸಿದ್ದೇ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ದೂರು ಹೋಯಿತು, ಅರಸ ಲೆಕ್ಕ ನೋಡಿದಾಗ ಒಂದು ಹಣವೂ ಕಡಿಮೆಯಾಗಿರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ಭಕ್ತರಿಗೆ ಇದು ಪವಾಡ. ಆದರೆ ಭಂಡಾರಿಯ ಮೇಲೂ ದೂರು ಬರಬಹುದು, ಬಂದಾಗ ಲೆಕ್ಕ ತೆರೆದು ತೋರಿಸಬೇಕು ಎಂಬ ಆಡಳಿತದ ನಂಬಿಕೆಯೂ ಕಥೆಯಲ್ಲಿ ಅಡಗಿದೆ.

ಲೆಕ್ಕದ ಕಳ್ಳತನವನ್ನು ಶಾಸ್ತ್ರವಾಗಿ ವಿಂಗಡಿಸಿದ್ದು ಕೌಟಿಲ್ಯನ ಅರ್ಥಶಾಸ್ತ್ರ. ಅದನ್ನು ಜಗತ್ತಿಗೆ ಮರಳಿ ಕೊಟ್ಟ ಕೀರ್ತಿ ಕನ್ನಡ ನಾಡಿನದು. ಮೈಸೂರಿನ ಓರಿಯೆಂಟಲ್ ಲೈಬ್ರರಿಯ ವಿದ್ವಾಂಸ ರುದ್ರಪಟ್ಟಣ ಶಾಮಶಾಸ್ತ್ರಿಗಳು ಓಲೆಗರಿಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಮುದ್ರಿಸಿದರು. 1915ರಲ್ಲಿ ಇಂಗ್ಲಿಷ್ ಅನುವಾದವೂ ಬಂತು. ಸರ್ಕಾರದ ಹಣ ಲಪಟಾಯಿಸುವ 40 ಬಗೆಗಳನ್ನು ಅದರಲ್ಲಿ ಎಣಿಸಿದೆ. ಮೊದಲೇ ಬಂದುದನ್ನು ತಡವಾಗಿ ಬರೆಯುವುದು, ಒಬ್ಬನಿಂದ ಬಂದುದನ್ನು ಇನ್ನೊಬ್ಬನ ಹೆಸರಿಗೆ ಹಾಕುವುದು, ಕೊಡದೆ ಕೊಟ್ಟೆನೆನ್ನುವುದು, ತೂಕ, ಅಳತೆ, ಎಣಿಕೆಗಳಲ್ಲಿ ವ್ಯತ್ಯಾಸ ಮಾಡುವುದು – ಹೀಗೆ ಪಟ್ಟಿ ಬೆಳೆಯುತ್ತದೆ.

ಅನುಮಾನ ಬಂದರೆ ಭಂಡಾರದವನು, ಬರೆದವನು, ಪಡೆದವನು, ಕೊಟ್ಟವನು, ಕೊಡಿಸಿದವನು ಎಲ್ಲರನ್ನೂ ಬೇರೆಬೇರೆಯಾಗಿ ಪ್ರಶ್ನಿಸಬೇಕು. ಸುಳಿವು ಕೊಟ್ಟು ಅದು ಸಾಬೀತಾದರೆ ಆ ಹಣದ ಆರನೆಯ ಒಂದು ಪಾಲು ಬಹುಮಾನ. ಸುಳಿವು ಕೊಟ್ಟವನು ಸರ್ಕಾರದ ಆಳೇ ಆಗಿದ್ದರೆ ಹನ್ನೆರಡನೆಯ ಒಂದು ಪಾಲು. ಆ ಅಧಿಕಾರಿಯಿಂದ ನೊಂದವರು ಮುಂದೆ ಬಂದು ಹೇಳಲಿ ಎಂದು ಡಂಗುರ ಸಾರಿಸಬೇಕು, ಹೇಳಿದವರಿಗೆ ಅವರವರ ನಷ್ಟ ತುಂಬಿಕೊಡಬೇಕು.

ಒಂದು ಕೂಡುವ ಲೆಕ್ಕ

ಪೊಲೀಸರ ತರಬೇತಿಯಲ್ಲಿ ಬಹುಕಾಲ ಕವಾಯತು, ಕಾನೂನು, ಮಹಜರು ಬರೆಯುವ ರೀತಿ ಇವೇ ಮುಖ್ಯವಾಗಿದ್ದವು. ಕೊಲೆಯ ಜಾಗದಲ್ಲಿ ರಕ್ತದ ಕಲೆ ಗುರುತಿಸಬಲ್ಲವನಿಗೆ ಬ್ಯಾಂಕಿನ ಖಾತೆಯ ಪ್ರತಿ ಓದಲು ಬರಬೇಕೆಂದು ಯಾರೂ ಎಣಿಸಿರಲಿಲ್ಲ. ಲೆಕ್ಕ ಎಷ್ಟು ಮುಖ್ಯವೆಂಬುದನ್ನು ಬೆಂಗಳೂರಿನಲ್ಲೇ ನಡೆದ ಮೊಕದ್ದಮೆಯೊಂದು ತೋರಿಸಿಕೊಟ್ಟಿತು.

ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಮತ್ತಿತರರ ಆದಾಯ ಮೀರಿದ ಆಸ್ತಿಯ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ 2014ರ ಸೆಪ್ಟೆಂಬರಿನಲ್ಲಿ ಶಿಕ್ಷೆ ವಿಧಿಸಿತು. 2015ರ ಮೇ ತಿಂಗಳಲ್ಲಿ ಹೈಕೋರ್ಟು ಎಲ್ಲರನ್ನೂ ಬಿಡುಗಡೆ ಮಾಡಿತು. ಹೆಚ್ಚುವರಿ ಆಸ್ತಿ ಆದಾಯದ ಶೇ 8.12 ಮಾತ್ರ, ಅದು ಶೇ 10ರ ಮಿತಿಯೊಳಗಿದೆ ಎಂಬುದು ಅದರ ಲೆಕ್ಕ. ಆದರೆ ಸಾಲಗಳನ್ನು ಕೂಡುವಾಗ 10.67 ಕೋಟಿ ರೂಪಾಯಿ ಆಗಬೇಕಾದಲ್ಲಿ 24.17 ಕೋಟಿ ಎಂದಾಗಿತ್ತು. ಸರಿಯಾಗಿ ಕೂಡಿದರೆ ಹೆಚ್ಚುವರಿ ಶೇ 76ನ್ನು ದಾಟುತ್ತಿತ್ತು. ಸುಪ್ರೀಂ ಕೋರ್ಟು 2017ರ ಫೆಬ್ರುವರಿ 14ರಂದು ವಿಶೇಷ ನ್ಯಾಯಾಲಯದ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಮೊದಲ ಆರೋಪಿ ತೀರಿಹೋಗಿದ್ದರು.

ಇಂದಿನ ತರಬೇತಿ ಈ ಕೊರತೆಯನ್ನು ತುಂಬಲು ನೋಡುತ್ತಿದೆ. ಬೆಂಗಳೂರಿನ ಸಿಐಡಿ ಕೇಂದ್ರ ಕಚೇರಿಯಲ್ಲಿ ಇನ್ಫೊಸಿಸ್ ಫೌಂಡೇಶನ್ನಿನ ನೆರವಿನಿಂದ ಸ್ಥಾಪಿತವಾದ ಸೈಬರ್ ಅಪರಾಧ ತನಿಖಾ ತರಬೇತಿ ಮತ್ತು ಸಂಶೋಧನಾ ಕೇಂದ್ರದಲ್ಲಿ ಪೊಲೀಸರ ಜತೆ ಸರ್ಕಾರಿ ವಕೀಲರೂ ನ್ಯಾಯಾಧೀಶರೂ ಪಾಠ ಕೇಳಿದ್ದಾರೆ. ಮೂವರೂ ಕಲಿಯಬೇಕಾದುದು ಸರಿಯೇ. ಒಬ್ಬನು ಹಿಡಿದ ಜಾಡು ಇನ್ನೊಬ್ಬನ ಕೈಯಲ್ಲಿ ತಪ್ಪಿದರೆ ಫಲವಿಲ್ಲ. ಮೋಸದ ಹಣ ಈಗ ನಿಮಿಷಗಳಲ್ಲಿ ಖಾತೆಯಿಂದ ಖಾತೆಗೆ ಹಾರುತ್ತದೆ. 1930 ಸಂಖ್ಯೆಗೆ ಬೇಗ ಕರೆ ಮಾಡಿದವರ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಮರಳಿಸುವ ಹೊಣೆ

ಹಿಡಿದರಷ್ಟೇ ಸಾಲದು, ಕೊಡಿಸಬೇಕು. ಅಪರಾಧದಿಂದ ಗಳಿಸಿದ ಆಸ್ತಿಯನ್ನು ಜಪ್ತಿ ಮಾಡಲು 1944ರಲ್ಲೇ ಸುಗ್ರೀವಾಜ್ಞೆ ಬಂದಿತ್ತು. ಹಣದ ಅಕ್ರಮ ವರ್ಗಾವಣೆ ತಡೆ ಕಾಯ್ದೆ 2005ರಲ್ಲಿ ಜಾರಿಯಾಯಿತು. ಠೇವಣಿದಾರರ ಹಿತರಕ್ಷಣೆಗೆಂದೇ ಕರ್ನಾಟಕ 2004ರಲ್ಲಿ ಕಾಯ್ದೆ ಮಾಡಿತು. 2019ರಲ್ಲಿ ಐಎಂಎ ಸಂಸ್ಥೆ ಬಾಗಿಲು ಹಾಕಿದಾಗ ಹತ್ತಾರು ಸಾವಿರ ಮಂದಿ ಬೆಂಗಳೂರಿನ ಬೀದಿಯಲ್ಲಿ ನಿಂತರು. ಮಗಳ ಮದುವೆಗೆಂದು, ಮುಪ್ಪಿಗೆಂದು ಕೂಡಿಟ್ಟದ್ದು ಕರಗಿತ್ತು. ಆ ಕಾಯ್ದೆಯಡಿ ಆಸ್ತಿಗಳನ್ನು ಮುಟ್ಟುಗೋಲು ಹಾಕಿಕೊಂಡು, ಹಣ ಕಳೆದುಕೊಂಡವರಿಂದ ಅರ್ಜಿ ಕರೆಯಲಾಯಿತು. ಅರ್ಥಶಾಸ್ತ್ರದ ಡಂಗುರವೇ ಹೊಸ ರೂಪದಲ್ಲಿ ಬಂದಂತಾಯಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಪರಾಧದ ಗಳಿಕೆಯನ್ನು ನೊಂದವರಿಗೆ ಹಂಚುವಂತೆ ನ್ಯಾಯಾಲಯ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಹೇಳಬಹುದು, ಅವರು 60 ದಿನಗಳೊಳಗೆ ಹಂಚಬೇಕು. ಇದರ ಯಶಸ್ಸು ನಿಂತಿರುವುದು ಠಾಣೆಯ ತನಿಖಾಧಿಕಾರಿ ಯಾವ ಆಸ್ತಿ ಯಾವ ಹಣದಿಂದ ಬಂತು ಎಂಬುದನ್ನು ಕಾಗದದ ಮೇಲೆ ತೋರಿಸಬಲ್ಲನೇ ಎಂಬುದರ ಮೇಲೆ.

ಕಾನೂನು ಕೊನೆಗೂ ಕಲ್ಯಾಣದ ವ್ಯಾಖ್ಯಾನಕಾರನ ಮಾತಿನ ಹತ್ತಿರ ಬಂದಿದೆ. ಆದರೂ ಒಂದು ಅಂತರ ಉಳಿದಿದೆ. ಸಿಕ್ಕಿದ್ದನ್ನು ಹಂಚುವುದು ಇಂದಿನ ನಿಯಮ. ಸಿಗದಿದ್ದರೆ ಬೊಕ್ಕಸದಿಂದ ಕೊಡು ಎಂಬುದು ಅಂದಿನ ಮಾತು. ಬೊಕ್ಕಸಕ್ಕೆ ಕೈ ಹಾಕಬೇಕಾಗುವ ಅರಸ ತಳವಾರನನ್ನು ಚುರುಕಾಗಿ ಇಟ್ಟುಕೊಳ್ಳುತ್ತಾನೆ ಎಂಬ ಲೋಕಜ್ಞಾನ ಆ ನಿಯಮದ ಹಿಂದೆ ಇದ್ದಿರಬೇಕು.